ಸ್ಯಾಕ್ಸೋಫೋನ್ ಹಿತ್ತಾಳೆಯದೇ, ಆದರೆ ‘ಬ್ರಾಸ್’ ಅಲ್ಲ

‘ಸ್ಯಾಕ್ಸೋಫೋನ್ ಹಿತ್ತಾಳೆಯದು, ಹಾಗಾಗಿ ಅದಿರುವ ತಂಡವೆಲ್ಲ ಬ್ರಾಸ್ ಬ್ಯಾಂಡ್’ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ವಾದ್ಯ ಯಾವ ಗುಂಪಿನದು ಎಂದು ಗೊತ್ತಾಗುವುದು ಲೋಹದಿಂದಲ್ಲ, ನಾದ ಹುಟ್ಟುವ ರೀತಿಯಿಂದ. ಟ್ರಂಪೆಟ್‌ನಲ್ಲಿ ಊದುವವರ ತುಟಿಯೇ ಅದುರುತ್ತದೆ, ಹಾಗಾಗಿ ಅದು ಬ್ರಾಸ್, ಅಂದರೆ ಹಿತ್ತಾಳೆ ವಾದ್ಯಗಳ ಗುಂಪಿನದು. ಸ್ಯಾಕ್ಸೋಫೋನ್‌ನಲ್ಲಿ ಅದುರುವುದು ಬಾಯಿಗಿಡುವ ತುದಿಯ ತೆಳುವಾದ ಪಟ್ಟಿ, ಅಂದರೆ ರೀಡ್, ಕ್ಲಾರಿನೆಟ್‌ನಲ್ಲಿ ಇರುವಂಥದ್ದೇ. ಅದಕ್ಕೇ ಸ್ಯಾಕ್ಸೋಫೋನ್ ವುಡ್‌ವಿಂಡ್, ಅಂದರೆ ‘ಮರದ ಊದುವಾದ್ಯ’ಗಳ ಗುಂಪಿನದು. ಮೈಯೆಲ್ಲ ಹಿತ್ತಾಳೆ, ಹೆಸರು ಮಾತ್ರ ವುಡ್! ತಮಾಷೆ ಅಲ್ವಾ?

ಬ್ರಿಟನ್ನಿನ ಬ್ರಾಸ್ ಬ್ಯಾಂಡ್‌ಗಳಲ್ಲಿ ಕಾರ್ನೆಟ್, ಯುಫೋನಿಯಂ, ಟ್ರಾಂಬೋನ್, ಟ್ಯೂಬಾದಂಥವು ಇರುತ್ತವೆ, ಜೊತೆಗೆ ಡ್ರಮ್ಮು. ಸ್ಯಾಕ್ಸೋಫೋನ್, ಕ್ಲಾರಿನೆಟ್ ಬೆರೆತರೆ ಅದು ಮಿಲಿಟರಿ ಬ್ಯಾಂಡ್ ಮಾದರಿ. ಹೆಸರಾಂತ ಸ್ಯಾಕ್ಸೋಫೋನ್ ವಾದಕ ಕದ್ರಿ ಗೋಪಾಲನಾಥರು ಆ ವಾದ್ಯವನ್ನು ಕೇಳಿ ಮರುಳಾದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ.

ಮದುವೆ ಮೆರವಣಿಗೆಯ ತಂಡವನ್ನು ಬಾಯಿಮಾತಿಗೆ ಬ್ರಾಸ್ ಬ್ಯಾಂಡ್ ಅಂದರೆ ಯಾರೂ ಜಗಳಕ್ಕೆ ಬರುವುದಿಲ್ಲ ಬಿಡಿ.