ಕಾಕಾ ಕೇಳಿದ ಪ್ರಶ್ನೆ

“ಹಾಗಾದರೆ ಅದು ಮತ್ತೆ ಸಕ್ರಿಯ ಆಗುವುದು ಯಾವಾಗ, ಸಾಹೇಬರೇ?”

ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರ ಐಸಿಯು ಬಾಗಿಲಲ್ಲಿ ನಮ್ಮ ಕಾಕಾ ಕೇಳಿದ ಪ್ರಶ್ನೆ ಇದು. ಬಂಕಾಪುರ ಕ್ರಾಸ್ ಬಳಿ ಬೈಕಿನಿಂದ ಬಿದ್ದ ಅವರ ಮಗನ ಮಿದುಳು ನಿಷ್ಕ್ರಿಯವಾಗಿದೆ ಎಂದು ವೈದ್ಯರು ಆಗಷ್ಟೇ ಹೇಳಿದ್ದರು. ಪ್ರಶ್ನೆಯಲ್ಲಿ ದಡ್ಡತನವೇನೂ ಇರಲಿಲ್ಲ. ನಿಷ್ಕ್ರಿಯವಾದ ಸಿಮ್ ಕಾರ್ಡ್, ಬ್ಯಾಂಕ್ ಖಾತೆ ಅರ್ಜಿ ಕೊಟ್ಟರೆ ಸಕ್ರಿಯವಾಗುತ್ತವೆ. ಮಿದುಳು ಏಕಾಗಬಾರದು?

ನಾನು ಚೆನ್ನೈ ಸೇರಿ ಹದಿನಾಲ್ಕು ವರ್ಷವಾಯಿತು. ಅಲ್ಲಿನ ಪತ್ರಿಕೆಗಳು ಇದನ್ನು ‘ಮೂಳೈಚ್ಚಾವು’ ಎನ್ನುತ್ತವೆ. ಮೊದಲ ಸಲ ಕೇಳಿದಾಗ ಯಾರದೋ ಮೂಳೆ ಮುರಿದಿರಬೇಕು ಎಂದುಕೊಂಡಿದ್ದೆ. ಮೂಳೈ ಎಂದರೆ ಮಿದುಳು. ಸಾವು ನಮ್ಮದೇ ಸಾವು. ಮಲಯಾಳಿಗಳು ‘ಮಸ್ತಿಷ್ಕ ಮರಣಂ’ ಎನ್ನುತ್ತಾರೆ. ನಾವೋ, 2021ರಲ್ಲಿ ನಟ ಸಂಚಾರಿ ವಿಜಯ್ ಅವರ ಸುದ್ದಿಯಲ್ಲೂ ‘ನಿಷ್ಕ್ರಿಯ’ವನ್ನೇ ಓದಿದೆವು. ಶಿವಾಧೀನರಾದರು, ಲಿಂಗೈಕ್ಯರಾದರು, ತೀರಿಕೊಂಡರು ಎಂದು ಸಾವಿಗೆ ಇಷ್ಟೊಂದು ಮಾತುಗಳಿರುವ ನಾಡಿನಲ್ಲಿ, ಆ ಬಾಗಿಲಲ್ಲಿ ಒಂದೂ ಒದಗಲಿಲ್ಲ.

ಚಿಗವ್ವನಿಗೆ ಪದದ ಗೊಡವೆಯೇ ಇರಲಿಲ್ಲ. ಮಗನ ಪಾದ ಹಿಡಿದು “ಬೆಚ್ಚಗಿದೆ ನೋಡಪ್ಪಾ” ಎಂದಳು. ನಾನೂ ಮುಟ್ಟಿದೆ. ಬೆಚ್ಚಗೇ ಇತ್ತು. ಎದೆ ಏರಿಳಿಯುತ್ತಿತ್ತು, ಪರದೆಯ ಮೇಲೆ ಹಸಿರು ಗೆರೆ ಕುಣಿಯುತ್ತಿತ್ತು. ಹೃದಯ ಮಿದುಳಿನ ಅಪ್ಪಣೆಗೆ ಕಾಯುವುದಿಲ್ಲ. ಮಿಡಿತ ಹುಟ್ಟುವ ಜಾಗ ಅದರೊಳಗೇ ಇದೆ, ಆಮ್ಲಜನಕ ಸಿಕ್ಕಷ್ಟು ಹೊತ್ತು ಬಡಿಯುತ್ತದೆ. ಆ ಆಮ್ಲಜನಕವನ್ನು ವೆಂಟಿಲೇಟರ್ ತಳ್ಳುತ್ತಿತ್ತು. ಇಷ್ಟನ್ನು ಯಾರಾದರೂ ಅವಳ ಪಕ್ಕ ಕುಳಿತು ಹತ್ತು ನಿಮಿಷ ಹೇಳಬೇಕಿತ್ತು. ಕಣ್ಣಿಗೆ ಬೆಳಕು ಬಿಟ್ಟು, ಕಿವಿಗೆ ತಣ್ಣೀರು ಹಾಕಿ, ವೆಂಟಿಲೇಟರ್ ಬಿಡಿಸಿ ಉಸಿರಾಡಲು ಒಂದು ಯತ್ನವಾದರೂ ಬರುತ್ತದೆಯೇ ಎಂದು ನೋಡುತ್ತಾರೆ, ಕನಿಷ್ಠ ಆರು ಗಂಟೆ ಬಿಟ್ಟು ಎಲ್ಲವನ್ನೂ ಮತ್ತೆ ಮಾಡುತ್ತಾರೆ, 1994ರ ಅಂಗಾಂಗ ಕಸಿ ಕಾಯ್ದೆಯಂತೆ ನಾಲ್ವರು ವೈದ್ಯರು ಸಹಿ ಹಾಕಬೇಕು, ಕಸಿ ಮಾಡುವವರು ಆ ನಾಲ್ವರಲ್ಲಿ ಇರುವಂತಿಲ್ಲ ಎಂದೂ ಹೇಳಬೇಕಿತ್ತು. ಹೇಳುವವರಿಲ್ಲದ ಜಾಗವನ್ನು ಬಂಧುಗಳು ತುಂಬಿದರು. ಕೋಮಾದಿಂದ ಎದ್ದು ಬಂದವರ ಕಥೆ ಒಬ್ಬೊಬ್ಬರ ಬಳಿ ಒಂದೊಂದು. ಕೋಮಾ ಬೇರೆ. ಎಚ್ಚರವಿದ್ದೂ ಅರಿವಿಲ್ಲದ ಸ್ಥಿತಿಯೂ ಬೇರೆ. ಹಾಗೆ ಮುಂಬೈಯ ನರ್ಸ್ ಅರುಣಾ ಶಾನಭಾಗ ಆಸ್ಪತ್ರೆಯ ಹಾಸಿಗೆಯಲ್ಲಿ 42 ವರ್ಷ ಕಳೆದರು. ಅವರು ತಾವೇ ಉಸಿರಾಡುತ್ತಿದ್ದರು.

ಮಗ ಸತ್ತಿದ್ದಾನೆ ಎಂದು ಕಾಕಾಗೆ ತಿಳಿಯುವ ಮೊದಲೇ ಅಂಗಾಂಗ ದಾನದ ಮಾತು ಬಂತು. “ಜೀವ ಇರುವಾಗಲೇ ಕೊಯ್ಯುತ್ತೀರಾ?” ಎಂದು ಅವರು ಎದ್ದು ಹೋದರು. ಅಲ್ಲಿಗೆ ಮುಗಿಯಿತು.

ತಮಿಳುನಾಡಿನಲ್ಲಿ 2008ರಲ್ಲಿ ಹಿತೇಂದ್ರನ್ ಎಂಬ ಹುಡುಗ ಅಪಘಾತದಲ್ಲಿ ಹೀಗೇ ಹೋದ. ವೈದ್ಯರಾಗಿದ್ದ ತಂದೆತಾಯಿ ಅವನ ಅಂಗಗಳನ್ನು ದಾನ ಮಾಡಿದರು. ಅಂದಿನಿಂದ ‘ಮೂಳೈಚ್ಚಾವು’ ಎಂಬ ಪದ ಚಹಾದಂಗಡಿಗೂ ಇಳಿದಿದೆ. 2023ರಿಂದ ದಾನಿಗಳ ಅಂತ್ಯಕ್ರಿಯೆಗೆ ಸರ್ಕಾರಿ ಗೌರವವಿದೆ. ಬಡವನ ಅಂಗ ಉಳ್ಳವನಿಗೆ ಎಂಬ ಗೊಣಗಾಟ ಅಲ್ಲೂ ಉಂಟು, ಅದನ್ನು ನಾನು ತಳ್ಳಿಹಾಕಲಾರೆ. ಆದರೆ ನನ್ನ ಮೆಚ್ಚುಗೆ ಹೆಚ್ಚು ಕೇರಳದ ಮೇಲೆ. ದಾನ ಮಾಡಲಿ ಬಿಡಲಿ, ಮಿದುಳು ಸತ್ತಿದ್ದರೆ ಹಾಗೆಂದು ಘೋಷಿಸುವ ಕ್ರಮವನ್ನು ಅಲ್ಲಿನ ಸರ್ಕಾರ 2020ರಲ್ಲಿ ಗೊತ್ತುಮಾಡಿತು. ದಾನದ ಕಾಯ್ದೆಯ ಒಳಗಷ್ಟೇ ಈ ಸಾವನ್ನು ಇಟ್ಟರೆ, ಬೇಡ ಎಂದ ಮನೆಯವರು ಯಂತ್ರದ ಮುಂದೆ ಸುಮ್ಮನೆ ಕಾಯಬೇಕಾಗುತ್ತದೆ. ನಮ್ಮಲ್ಲಿ ಅಂಗಾಂಗ ದಾನ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆ ಇದೆ, ಘನತೆಯ ಸಾವಿನ ಬಗ್ಗೆ 2025ರ ಜನವರಿಯ ಆದೇಶವೂ ಇದೆ. ಐಸಿಯು ಬಾಗಿಲಿಗೆ ಬೇಕಾದ ಕನ್ನಡ ಮಾತ್ರ ಇನ್ನೂ ಬಂದಿಲ್ಲ.

ನಾವೂ ಕಾದೆವು. ಎರಡನೇ ಪರೀಕ್ಷೆ ಮುಗಿದದ್ದು ಹನ್ನೊಂದನೇ ತಾರೀಖು. ಹಸಿರು ಗೆರೆ ನೇರವಾದದ್ದು ಹದಿನಾಲ್ಕಕ್ಕೆ. ಮರಣ ಪ್ರಮಾಣಪತ್ರದಲ್ಲಿರುವುದೂ ಹದಿನಾಲ್ಕೇ. ಮೊದಲ ವರ್ಷದ ಪುಣ್ಯತಿಥಿಗೆ ಊರಿಗೆ ಹೋದಾಗ ಕಾಕಾ ಅಡುಗೆಯವನ ಲೆಕ್ಕ ಬರೆಯುತ್ತ ಕುಳಿತಿದ್ದರು. ತಲೆ ಎತ್ತದೆ ಕೇಳಿದರು: “ಅವನು ಹನ್ನೊಂದಕ್ಕೇ ಹೋಗಿದ್ದನೇನು?”

“ಹೌದು ಕಾಕಾ.”

ಸ್ವಲ್ಪ ಹೊತ್ತು ಪೆನ್ನು ಹಾಗೇ ನಿಂತಿತು. ಆಮೇಲೆ ಗೋಧಿ ಹುಗ್ಗಿಗೆ ಬೆಲ್ಲ ಎಷ್ಟು ಕಿಲೋ ಬೇಕು ಎಂದು ಅಡುಗೆಯವನನ್ನು ಕೇಳಿದರು.