ಮೂವತ್ತೆಂಟಕ್ಕೇ ಅಜ್ಜಿಯಾದವರು

1995ರಲ್ಲಿ ‘ಪುಟ್ನಂಜ’ ತೆರೆಗೆ ಬಂದಾಗ ಉಮಾಶ್ರೀ ಅವರಿಗೆ 38ರ ಆಸುಪಾಸು. ಆ ಚಿತ್ರದಲ್ಲಿ ಅವರು ನಾಯಕನ ಅಜ್ಜಿ ಪುಟ್ಟಮಲ್ಲಿ. ಮೊಮ್ಮಗನಾದ ರವಿಚಂದ್ರನ್ ವಯಸ್ಸಿನಲ್ಲಿ ಅವರಿಗಿಂತ ನಾಲ್ಕೇ ವರ್ಷ ಚಿಕ್ಕವರು. ನಾಯಕಿಯರು ಮೂವತ್ತೈದು ದಾಟುತ್ತಿದ್ದಂತೆ ಅವಕಾಶಗಳಿಗಾಗಿ ಕಾಯಬೇಕಾದ ಉದ್ಯಮದಲ್ಲಿ, ಅದೇ ವಯಸ್ಸಿಗೆ ತಲೆ ನರೆಸಿಕೊಂಡು ನಿಂತ ಈ ನಟಿ ಇಂದಿಗೂ ಬೇಡಿಕೆಯಲ್ಲಿರುವುದನ್ನು ನೋಡಿದರೆ, ನಾಯಕಿಯ ಪಟ್ಟ ಸಿಗದೇ ಹೋದದ್ದೇ ಅವರನ್ನು ಉಳಿಸಿತೇನೋ ಎಂದು ನನಗೆ ಅನ್ನಿಸುತ್ತದೆ.

ಹಾಗೆಂದು ಚಿತ್ರರಂಗ ಅವರನ್ನು ಚೆನ್ನಾಗಿ ನಡೆಸಿಕೊಂಡಿತೆಂದು ನಾನು ಒಪ್ಪುವುದಿಲ್ಲ. ಕಾಶಿನಾಥ್ ಅವರ ‘ಅನುಭವ’ (1984) ಚಿತ್ರದ ನಂತರ ಅವರಿಗೆ ಸಾಲುಸಾಲಾಗಿ ಸಿಕ್ಕಿದ್ದು ಎನ್.ಎಸ್. ರಾವ್ ಅವರಂಥ ನಟರ ಜೋಡಿಯಾಗಿ ದ್ವಂದ್ವಾರ್ಥದ ಮಾತಾಡುವ ಪಾತ್ರಗಳು. ಅದೇ ನಟಿ ರಂಗದ ಮೇಲೆ, ದೇವನೂರ ಮಹಾದೇವ ಅವರ ‘ಒಡಲಾಳ’ದ ಸಾಕವ್ವನಾಗಿ, ಕಳೆದುಹೋದ ಒಂದು ಹುಂಜಕ್ಕಾಗಿ ಊರನ್ನೆಲ್ಲ ಶಪಿಸುತ್ತ ನೋಡುಗರ ಕರುಳು ಹಿಂಡುತ್ತಿದ್ದರು. ಸಾಕವ್ವನನ್ನು ಕಂಡವರು ನಾಟಕದ ಪ್ರೇಕ್ಷಕರಷ್ಟೇ. ಸಿನಿಮಾದವರು ಅವರಿಂದ ನಗುವನ್ನು ಮಾತ್ರ ತೆಗೆದುಕೊಂಡರು. (ಆ ನಗುವಿನಲ್ಲೂ ಅವರ ಟೈಮಿಂಗ್ ಅಪರೂಪದ್ದು ಎಂಬುದನ್ನು ಮರೆಯಬಾರದು.)

ಗಿರೀಶ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’ ಈ ಬಾಕಿಯನ್ನು ಒಂದಿಷ್ಟು ತೀರಿಸಿತು. ವೈದೇಹಿಯವರ ಕಥೆಯನ್ನು ಆಧರಿಸಿದ ಆ ಚಿತ್ರದಲ್ಲಿ ಅವರು ಕರಾವಳಿಯ ಮೀನುಗಾರರ ಊರೊಂದರ ಸೂಲಗಿತ್ತಿ, ಗಂಡ ಇನ್ನೊಬ್ಬಳೊಡನೆ ಸಂಸಾರ ಹೂಡಿದ್ದರಿಂದ ಒಂಟಿಯಾದವಳು, ಸಿನಿಮಾ ಹುಚ್ಚಿನವಳು. ಹೆರಿಗೆ ಮಾಡಿಸಿದ್ದಕ್ಕೆ ಬಣ್ಣದ ಟಿ.ವಿ. ಉಡುಗೊರೆಯಾಗಿ ಬಂದಾಗ, ಅದುವರೆಗೆ ದೂರವಿದ್ದ ನೆರೆಹೊರೆಯ ಹೆಂಗಸರು ಒಬ್ಬೊಬ್ಬರಾಗಿ ಅವಳ ಮನೆಯೊಳಗೆ ಬಂದು ಕೂರುತ್ತಾರೆ. ಗುಲಾಬಿ ದೊಡ್ಡ ಮಾತುಗಳನ್ನಾಡುವುದಿಲ್ಲ. ಅವಳ ಸಂಭ್ರಮ, ಅವಮಾನಗಳೆಲ್ಲ ಕಣ್ಣಿನಲ್ಲೇ ಮೂಡಿ ಅಲ್ಲೇ ಆರುತ್ತವೆ. ಮಾತಿನ ಮಲ್ಲಿಯೆಂದು ನಾವು ತಿಳಿದಿದ್ದ ನಟಿಗೆ 2007ರ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂದದ್ದು, ಹೆಚ್ಚುಕಡಿಮೆ, ಮಾತಾಡದೇ ಇದ್ದುದಕ್ಕೆ.

ನಡುವೆ ರಾಜಕೀಯವೂ ಬಂತು. 2013ರಲ್ಲಿ ತೇರದಾಳದಿಂದ ಗೆದ್ದು ಸಚಿವೆಯಾದರು, 2018ರಲ್ಲಿ ಸೋತರು. 2021ರ ಡಿಸೆಂಬರಿನಲ್ಲಿ ಜೀ ಕನ್ನಡದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕನಾಗಿ ಅವರು ಕಾಣಿಸಿಕೊಂಡಾಗ, ‘ರಾಷ್ಟ್ರಪ್ರಶಸ್ತಿ ಪಡೆದವರು, ಮಂತ್ರಿಯಾಗಿದ್ದವರು ಕೊನೆಗೆ ಸೀರಿಯಲ್ಲಿಗೆ ಬಂದರಲ್ಲ’ ಎಂದು ಮರುಗಿದವರನ್ನು ನಾನು ಬಲ್ಲೆ. ಆ ಮರುಕದಲ್ಲಿ ನನಗೆ ಪಾಲಿಲ್ಲ. ಗಂಡು ಮಗು ಹೆರಲಿಲ್ಲವೆಂದು ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕ, ಗುಲಾಬಿಯ ಒಡಹುಟ್ಟಿದವಳಂತೆಯೇ ಕಾಣುತ್ತಾಳೆ. ಧಾರಾವಾಹಿಯ ಕಥೆ ಎಳೆದಾಡುತ್ತದೆ, ಹಿನ್ನೆಲೆ ಸಂಗೀತ ಕಿವಿಗೆ ಹೊಡೆಯುತ್ತದೆ, ನಿಜ. ಆದರೂ ಪುಟ್ಟಕ್ಕ ಸೆರಗಿನ ತುದಿಯಲ್ಲಿ ಕೈ ಒರೆಸಿಕೊಂಡು ಗಿರಾಕಿಯ ಎದುರು ನಿಲ್ಲುವ ಬಗೆಯಲ್ಲಿ ರಂಗಭೂಮಿಯ ಪಳಗುವಿಕೆ ಇದೆ. ಎಂಬತ್ತರ ದಶಕದಲ್ಲಿ ನಾಟಕ ನೋಡಲು ಆಗದವರಿಗೆ ಸಾಕವ್ವನ ಒಂದು ತುಣುಕು ಮನೆಬಾಗಿಲಿಗೆ ಬಂದಂತಾಯಿತು.

ಕಳೆದ ಯುಗಾದಿಗೆ ಊರಿಗೆ ಹೋದಾಗ ಅಮ್ಮನಿಗೆ ‘ಗುಲಾಬಿ ಟಾಕೀಸ್’ ಹಾಕಿ ತೋರಿಸಿದೆ. ಅವರು ಪುಟ್ಟಕ್ಕನ ಒಂದು ಸಂಚಿಕೆಯನ್ನೂ ತಪ್ಪಿಸಿಕೊಂಡವರಲ್ಲ. ಅರ್ಧ ಚಿತ್ರದವರೆಗೂ ಮಾತಿಲ್ಲದೆ ಮಡಿಲಲ್ಲಿದ್ದ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಮ್ಮ, ಗುಲಾಬಿಯ ಗಂಡನ ಇನ್ನೊಂದು ಸಂಸಾರದ ವಿಷಯ ಬಂದೊಡನೆ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದರು: ‘ಇಲ್ಲೂ ಇವಳ ಗಂಡ ಇನ್ನೊಬ್ಬಳನ್ನ ಕಟ್ಕೊಂಡಿದಾನಾ? ಪುಟ್ಟಕ್ಕಂಗೆ ಆಗಿನಿಂದಲೂ ಇದೇ ಗೋಳು ನೋಡು!’