ಮುಕ್ಕಳಿಸಿ ಉಗುಳಿದ ಪುರಾವೆ

ಯುಗಾದಿಗೆ ಬೇವುಬೆಲ್ಲ ತಿನ್ನುವ ಮಾಟುಂಗಾದ ಕನ್ನಡಿಗರಿಗೂ, ಅದೇ ದಿನ ಗುಡಿಪಾಡ್ವಾ ಎಂದು ಬೇವು ಅಗಿಯುವ ಎದುರು ಬಾಗಿಲಿನ ಮರಾಠಿಗರಿಗೂ ಬೇವಿನ ಮೇಲೆ ಸಂಶಯವಿಲ್ಲ. ಸಂಶಯವೇ ಇಲ್ಲದ್ದನ್ನು ಪರೀಕ್ಷೆಗೆ ಕೂರಿಸುವುದು ಹೇಗೆ? ಪಾಸಾಗುವಂತೆ ಪ್ರಶ್ನೆಪತ್ರಿಕೆ ಬರೆದು. ಬೇವಿನ ಮೌತ್‌ವಾಶ್ ಹೊರತರುವ ಉತ್ಸಾಹಿಗಳಿಗೆ ಕ್ರಮ ಹೀಗಿದೆ.

ಒಣಗಿದ ಎಲೆಯ ಪುಡಿಯನ್ನು ಎಥನಾಲ್‌ನಲ್ಲಿ, ಅಂದರೆ ಮದ್ಯಸಾರದಲ್ಲಿ, ನೆನೆಸಿ. ಹಲ್ಲು ಹುಳುಕಿಸುವ ಬ್ಯಾಕ್ಟೀರಿಯಾ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಬಳಿದ, ಅಗಾರ್ ಎಂಬ ಜೆಲ್ಲಿಯ ತಟ್ಟೆಯಲ್ಲಿ 6 ಮಿ.ಮೀ. ಗುಳಿ ಕೊರೆದು, ಸಾರ ಹನಿಸಿ, 37 ಡಿಗ್ರಿಯಲ್ಲಿ ಒಂದು ದಿನ ಇಟ್ಟರೆ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿಯಾದ ಬಳೆ ಮೂಡುತ್ತದೆ. ಸ್ಕೇಲಿನಲ್ಲಿ ಅಳೆದು ಬೇವಿನ ಖಾತೆಗೆ ಬರೆಯಿರಿ. ಪಕ್ಕದ ಗುಳಿಗೆ ಬರೀ ಎಥನಾಲ್ ಹಾಕಿ ನೋಡುವ ಚಪಲ ಬೇಡ. ಅಲ್ಲೂ ಬಳೆ ಮೂಡಿದರೆ ಮುಖ ಎಲ್ಲಿಡುತ್ತೀರಿ ಮಾರಾಯ್ರೆ?

ತಟ್ಟೆಯ ಮೇಲಿನ ಬ್ಯಾಕ್ಟೀರಿಯಾ ಫುಟ್‌ಪಾತಿನ ವ್ಯಾಪಾರಿಯಂತೆ, ಮುನ್ಸಿಪಾಲಿಟಿ ಗಾಡಿ ಕಂಡರೆ ಗಂಟು ಕಟ್ಟುತ್ತದೆ. ಹಲ್ಲಿನ ಪಾಚಿಯೊಳಗೆ, ಅಂದರೆ ಪ್ಲಾಕ್‌ನೊಳಗೆ, ಇರುವುದು ಗಿರ್‌ಗಾಂವ್ ಚಾಳಿನಲ್ಲಿ ಹಿಂದೆಂದೋ ಪಗಡಿ ಹಣ ಕೊಟ್ಟು ಬೇರುಬಿಟ್ಟ ಬಾಡಿಗೆದಾರ. ಅಂಟಿನ ಗೋಡೆ ಕಟ್ಟಿಕೊಂಡು ಕೂತ ಅದು ನೋಟಿಸಿಗೆ ಜಗ್ಗುವುದಿಲ್ಲ, ಎಬ್ಬಿಸಲು ಬ್ರಶ್ಶೇ ತಿಕ್ಕಬೇಕು. ಜಾಹೀರಾತಿನಲ್ಲಿ ಮಾತ್ರ ಫುಟ್‌ಪಾತಿನ ಫೋಟೊ ಹಾಕಿ.

ಇನ್ನು ಮನುಷ್ಯರು. ಸೊಸೈಟಿಯ ಹಾಲ್‌ನಲ್ಲಿ 30 ಮಂದಿಯನ್ನು ಸೇರಿಸಿ. ಒಸಡು ಎಷ್ಟು ಕೆಟ್ಟಿದೆಯೆಂಬ ಅಂಕ ಬರೆದುಕೊಂಡು, ಎಲ್ಲರಿಗೂ ಪುಕ್ಕಟೆ ಹಲ್ಲು ಕ್ಲೀನಿಂಗ್ ಮಾಡಿಸಿ, ಆಮೇಲೆ ಬಾಟಲಿ ಹಂಚಿ. ಎರಡು ವಾರದಲ್ಲಿ ರಕ್ತ ಒಸರುವುದು ಕಡಿಮೆಯಾಗುತ್ತದೆ. ಕೆಲಸ ಮಾಡಿದ್ದು ಕ್ಲೀನಿಂಗಿನ ಸ್ಕೇಲರ್ ಉಪಕರಣ, ಶಾಲು ಹೊದಿಸುವುದು ಬೇವಿಗೆ. ತಮ್ಮ ಬಾಯಿಯನ್ನು ಮತ್ತೆ ನೋಡುತ್ತಾರೆಂದು ಗೊತ್ತಾದ ಮೇಲೆ ಜನ ರಾತ್ರಿಯೂ ಹಲ್ಲುಜ್ಜುತ್ತಾರೆ, ಅದೂ ನಿಮ್ಮ ಲಾಭವೇ.

ಬೇವಿನೊಡನೆ ಹೋಲಿಸುವ ಎದುರಾಳಿಯಾಗಿ ನೀರು ಸಾಕು. ಕಹಿಯಿಲ್ಲದ್ದು ಯಾರಿಗೆ ಸಿಕ್ಕಿತೆಂದು ಮೊದಲ ಗುಟುಕಿಗೇ ಎಲ್ಲರಿಗೂ ತಿಳಿಯುತ್ತದೆ, ತಿಳಿಯಲಿ. ದಂತವೈದ್ಯರು ಬರೆದುಕೊಡುವ 0.2% ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ತಂದರೆ ಕಷ್ಟ. 10 ಮಿ.ಲೀ.ನಂತೆ ದಿನಕ್ಕೆ ಎರಡು ಸಲ ಮುಕ್ಕಳಿಸಿದರೆ, ಬ್ರಶ್ ಮುಟ್ಟದವರ ಹಲ್ಲಿನಲ್ಲೂ ಪ್ಲಾಕ್ ಕಟ್ಟದೆಂದು 1970ರಲ್ಲೇ ತೋರಿಸಿಯಾಗಿದೆ. ಹಲ್ಲಿಗೆ ಕಂದು ಕಲೆ ಬರುತ್ತದೆ, ಸಾರಿನ ಉಪ್ಪು ನಾಲಿಗೆಗೆ ಹತ್ತುವುದಿಲ್ಲ ಎಂಬ ಅದರ ದೋಷಗಳನ್ನು ಮಾತ್ರ ದೊಡ್ಡದಾಗಿ ಹೇಳಿ. ತರಲೇಬೇಕಾಗಿ ಬಂದರೆ ಹಲ್ಲುಜ್ಜಿದ ಕೂಡಲೇ ಕೊಡಿಸಿ. ಪೇಸ್ಟಿಗೆ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಅದರ ಕೈ ಕಟ್ಟಿಹಾಕುತ್ತದೆ. ಅರ್ಧ ಗಂಟೆ ಬಿಟ್ಟು ಕೊಡಬೇಕಿತ್ತೆಂದು ಯಾರಾದರೂ ಕೇಳಿದರೆ, ಲೋಕಲ್ ರೈಲು ತಪ್ಪುತ್ತಿತ್ತು ಎನ್ನಿ. ಗುಂಪಿಗೆ ಹದಿನೈದೇ ಜನ ಇದ್ದರೆ ಇದ್ದ ವ್ಯತ್ಯಾಸವೂ ಲೆಕ್ಕದಲ್ಲಿ ಕಾಣುವುದಿಲ್ಲ. ‘ವ್ಯತ್ಯಾಸ ಕಾಣಲಿಲ್ಲ’ ಎಂಬುದನ್ನು ‘ಎರಡೂ ಸಮ’ ಎಂದು ಅಚ್ಚು ಹಾಕಿಸಿ.

ಮನುಷ್ಯರ ಮೇಲಿನ ಪ್ರಯೋಗಗಳ ಸರಕಾರಿ ದಾಖಲೆಪಟ್ಟಿ ಸಿಟಿಆರ್‌ಐಯಲ್ಲಿ ನೋಂದಣಿಯ ತಂಟೆ ಬೇಡ. ಏನನ್ನು ಅಳೆಯುತ್ತೀರಿ ಎಂದು ಅಲ್ಲಿ ಮೊದಲೇ ಬರೆದುಕೊಡಬೇಕು. ಬಾಣ ನೆಟ್ಟಲ್ಲಿ ಗುರಿ ಬರೆಯುವ ಸೌಕರ್ಯ ತಪ್ಪಿಹೋಗುತ್ತದೆ.

ಎಥನಾಲ್ ಬಿಟ್ಟು ನೀರಿನ ಕಷಾಯವೇ ಬೇಕೆಂದು ಹಟ ಹಿಡಿದರೆ, ಮುಂಬಯಿಯ ಜುಲೈಯಲ್ಲಿ ಅದು ಎರಡೇ ದಿನಕ್ಕೆ ಹಳಸುತ್ತದೆ. ಹಾಗಾಗಿ ಕ್ರಿಮಿ ಬೆಳೆಯದಂತೆ ತಡೆಯುವ ಸೋಡಿಯಂ ಬೆಂಜೊಯೇಟ್ ಬೇಕು. ಹಾಕಿ, ‘ರಾಸಾಯನಿಕಮುಕ್ತ’ ಎಂದು ದಪ್ಪಕ್ಷರದಲ್ಲಿ ಬರೆಯಿಸಿ. ಎದುರಾಳಿಯ ನೀರಿಗೆ ಮಾತ್ರ ಅದು ಬೀಳದಂತೆ ಎಚ್ಚರವಿರಲಿ. ಬಿದ್ದರೆ ನೀರಿಗೂ ಔಷಧಗುಣ ಬಂದೀತು.

ಕೊನೆಗೆ ಬಾಟಲಿಯ ಚೀಟಿಯ ಮೇಲೆ ‘99.9% ಕ್ರಿಮಿನಾಶ’. ಒಂದು ಮಿ.ಲೀ. ಜೊಲ್ಲಿನಲ್ಲಿ ಬ್ಯಾಕ್ಟೀರಿಯಾ ಸುಮಾರು 10 ಕೋಟಿ. ಆ ಮಾತು ನಿಜವೇ ಆದರೂ ಮಿ.ಲೀ.ಗೆ ಒಂದು ಲಕ್ಷ ಬಾಯಲ್ಲೇ ಇರುತ್ತವೆ. ದಾದರಿನಲ್ಲಿ ಲೋಕಲ್ ರೈಲಿನ ಡಬ್ಬಿ ಖಾಲಿಯಾಯಿತು ಎಂದು ಕಾಲು ಚಾಚಿದವರನ್ನು ಕೇಳಿ, ಗಾಡಿ ಹೊರಡುವ ಹೊತ್ತಿಗೆ ಕಾಲು ಎಲ್ಲಿತ್ತು ಅಂತ.